ಎಡ ತಿರುವಿನ ಎರಡು ಸೆಕೆಂಡು

ಮನೆಯಿಂದ,
ತಾರೀಖು ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಉಪ್ಪಿನ ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಕೈಕಾಲು ಬಿರಿಯುತ್ತವೆಂದು ಯಾರೋ ಹೇಳಿದ್ದೇ ತಡ, ಅಮ್ಮ ಮೂರು ಡಬ್ಬಿ ಮುಲಾಮು ತಂದಿಟ್ಟಿದ್ದಾಳೆ. ಯಾರ ಕೈಯಲ್ಲಿ ಕಳಿಸುವುದೆಂದು ತಿಳಿಯದೆ ಅವು ಕನ್ನಡಿಯ ಹಿಂದೆ ಕೂತಿವೆ. ನೀನು ಅಲ್ಲಿ ಉಪ್ಪು ತೋಡಿ ತುಂಬುವ ಲೋಡರ್ ಓಡಿಸುತ್ತೀ ಎನ್ನುವುದರ ಆಚೆಗೆ ನಮಗೆ ಏನೂ ಗೊತ್ತಿಲ್ಲ. ಎರಡು ತಿಂಗಳಿಗೊಮ್ಮೆ ಬರುವ ನಿನ್ನ ಎರಡು ಸಾಲಿನ ಕಾಗದವನ್ನು ಅಮ್ಮ ಇಪ್ಪತ್ತು ಸಾಲು ಮಾಡಿಕೊಂಡು ಓದುತ್ತಾಳೆ. ಹೋದ ಸಲ "ಚೆನ್ನಾಗಿದ್ದೇನೆ ಅಂತ ಬರ್ದಿದಾನೆ, ಆದ್ರೆ ಆ ಒತ್ತಕ್ಷರ ನೋಡೆ, ಚೆನ್ನಾಗಿರೋವ್ನು ಹಿಂಗೆ ಬರೀತಾನಾ?" ಎಂದು ನನ್ನ ತಲೆ ತಿಂದಳು. ಅವಳ ಮಂಡಿನೋವು ಹಾಗೇ ಇದೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಈಗ ಅವಳನ್ನು ಇಸ್ತ್ರಿಯ ಮೇಜಿನಿಂದ ಮಡಿಸುವ ಮೇಜಿಗೆ ಹಾಕಿದ್ದಾರೆ. ಅಲ್ಲಿ ಕೂತು ಕೆಲಸ ಮಾಡಬಹುದು. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಬರೆದೆ ಅಂದುಕೋ.

ಫೋನು ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಪೂರ್ತಿ ಓದದೆ ಹರಿಯಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಮೊದಲು ಒಂದು ತಪ್ಪೊಪ್ಪಿಗೆ. ನಾನು ಓದುತ್ತಿರುವುದು ನೀನು ಅಂದುಕೊಂಡಿರುವ ಕಾಲೇಜಿನಲ್ಲಲ್ಲ, ನೀನು ಬಿಟ್ಟುಹೋದ ಕಾಲೇಜಿನಲ್ಲಿಯೇ. ಅದೇ ವಿಭಾಗ, ರಿಮೋಟಿನಿಂದ ಹಾರಿಸುವ ಮಾದರಿ ವಿಮಾನದ ಅದೇ ತಂಡ. ಒಂದು ವರ್ಷದಿಂದ ರಿಮೋಟು ನನ್ನ ಕೈಯಲ್ಲೇ ಇದೆ. ಎರಡು ವರ್ಷದಿಂದ ನಿನ್ನಿಂದ ಮುಚ್ಚಿಟ್ಟೆ. ಅಮ್ಮನಿಗೆ ಗೊತ್ತು.

ಮೂರು ವರ್ಷದ ಹಿಂದೆ ಸ್ಪರ್ಧೆಯಲ್ಲಾದ ಅಪಘಾತದ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಬೇಲಿಯ ಆಚೆ ನಿಂತಿದ್ದ ನನಗೆ ಅದು ಹೇಗೆ ಕಂಡಿತೆಂದು ನೀನು ಯಾವತ್ತೂ ಕೇಳಲಿಲ್ಲ. ನಾನಾಗ ಶಾಲೆಯ ಸಮವಸ್ತ್ರದಲ್ಲಿದ್ದೆ. ನಿನ್ನ ವಿಮಾನ ಮೈದಾನದ ಕೊನೆಯಲ್ಲಿ ಎಡಕ್ಕೆ ತಿರುಗಿತು, ತಿರುಗುತ್ತಲೇ ಹೋಯಿತು, ಮೂಗು ಕೆಳಗಾಯಿತು. ನೀನು ರಿಮೋಟಿನ ಕಡ್ಡಿಗಳನ್ನು ಎಳೆಯುತ್ತಾ "ಕೇಳ್ತಿಲ್ಲ! ಕೇಳ್ತಿಲ್ಲ!" ಎಂದು ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತು. ಬಾವುಟ ಹಿಡಿದು ವಿಮಾನ ಇಳಿಯುವ ಪಟ್ಟೆಯ ಪಕ್ಕ ನಿಂತಿದ್ದ ಕಾರ್ಯಾಗಾರದ ಮೇಸ್ತ್ರಿ ಓಡಬೇಕೆಂದುಕೊಳ್ಳುವಷ್ಟರಲ್ಲಿ ರೆಕ್ಕೆಯ ತುದಿ ಅವರ ಮುಖಕ್ಕೆ ಹೊಡೆಯಿತು. ಬಲಗಣ್ಣು ಹೋಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವರು ಪಟ್ಟಿ ಸುತ್ತಿಕೊಂಡ ತಲೆಯನ್ನು ನಿನ್ನ ಕಡೆ ತಿರುಗಿಸಿ "ಇವನ ಕೈಗೆ ಇನ್ನೊಂದ್ ಸಲ ಏನೂ ಕೊಡ್ಬೇಡ್ರಪ್ಪಾ" ಎಂದರಲ್ಲ, ಆಗ ನಾನು ನಿನ್ನ ಅಂಗಿಯ ತುದಿ ಹಿಡಿದುಕೊಂಡಿದ್ದೆ. ಆ ವಾರ್ಡಿನ ಹಾಸಿಗೆಬಟ್ಟೆಗಳು ಅಮ್ಮನ ಕೈಗೇ ಬರುತ್ತಿದ್ದವು. ಅವುಗಳನ್ನು ಬೇರೆ ಯಾರಿಗೂ ಕೊಡದೆ ಅವಳೇ ಒಗೆದಳು, ಹತ್ತೊಂಬತ್ತು ದಿನ. ಆಮೇಲೆ ವಿಚಾರಣೆ. ಉಪಕರಣಗಳೆಲ್ಲ ಸರಿಯಾಗಿವೆ, ಹಾರಿಸಿದವನ ಕೈತಪ್ಪು ಎಂದು ಬರೆದರು. ನೀನು ಒಪ್ಪಿಕೊಂಡೆ, ಒಂದು ಚೀಲ ತೆಗೆದುಕೊಂಡು ಹೊರಟೆ.

ಈ ವರ್ಷದ ಸ್ಪರ್ಧೆಯೂ ನಮ್ಮ ಮೈದಾನದಲ್ಲಿಯೇ ನಡೆಯಿತು, ಮಂಗಳವಾರದಿಂದ ಗುರುವಾರದವರೆಗೆ. ಮೂವತ್ತೊಂದು ತಂಡ. ವಿಮಾನವನ್ನು ನಾವೇ ಯೋಚಿಸಿ ನಾವೇ ಕಟ್ಟಬೇಕು, ಹೊಟ್ಟೆಯಲ್ಲಿ ಮರಳಿನ ಚೀಲ ಹೊತ್ತು ಎರಡು ಸುತ್ತು ಹಾರಿ, ಸುಣ್ಣದ ಗೆರೆಯೊಳಗೆ ಇಳಿಸಬೇಕು. ತಂಡಕ್ಕೆ ಮೂರು ಹಾರಾಟ, ಒಳ್ಳೆಯ ಎರಡು ಲೆಕ್ಕಕ್ಕೆ. ನಮ್ಮಲ್ಲಿ ಐದು ಜನ. ರೆಕ್ಕೆ ಕಟ್ಟುವವನಿಗೆ ನಾವೆಲ್ಲ 'ಗೋಂದು' ಅನ್ನುತ್ತೇವೆ, ಅವನ ಬೆರಳುಗಳು ಯಾವಾಗ ನೋಡಿದರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಮ್ಮ ಕ್ಯಾಪ್ಟನ್ ಕೊನೆಯ ವರ್ಷದವಳು. ಗೆದ್ದ ತಂಡದವರನ್ನು ಒಂದು ವಿಮಾನ ಕಾರ್ಖಾನೆಗೆ ತರಬೇತಿಗೆ ಕರೆಯುತ್ತಾರೆಂದು ನಾಲ್ಕು ವರ್ಷದಿಂದ ಜೀವ ಹಿಡಿದುಕೊಂಡಿದ್ದವಳು. ಮಂಗಳವಾರ ಎರಡು ಕಿಲೋ ಹೊತ್ತು ಹಾರಿಸಿದೆ. ಅಣ್ಣಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿಯಿತು. ಮೂರನೆಯ ಸ್ಥಾನ. ನೀನು ನೋಡಬೇಕಿತ್ತು ಅನ್ನಿಸಿತು. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಬುಧವಾರ ಬೆಳಿಗ್ಗೆ ಎರಡೂವರೆ ಕಿಲೋ ಹೊತ್ತು ಎತ್ತಿದೆ. ಗಾಳಿ ಇತ್ತು, ಜಾಸ್ತಿಯಲ್ಲ. ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತಿನ ಕೊನೆಯಲ್ಲಿ ಎಡಕ್ಕೆ ತಿರುಗಿಸಿದೆ. ತಿರುಗಿತು, ತಿರುಗುತ್ತಲೇ ಹೋಯಿತು. ಕಡ್ಡಿಯನ್ನು ಬಲಕ್ಕೆ ತಳ್ಳಿದೆ, ಹಿಂದಕ್ಕೆ ಎಳೆದೆ. ಬೆರಳ ತುದಿಯಲ್ಲಿ ಕಡ್ಡಿ ಇದೆ, ಆಚೆ ಕಡೆ ಯಾರೂ ಇಲ್ಲ. ಸತ್ತವರ ಕೈ ಹಿಡಿದು ಅಲ್ಲಾಡಿಸಿದ ಹಾಗೆ. ಒಂದು, ಎರಡು ಎಣಿಸುವಷ್ಟು ಹೊತ್ತು, ಅಷ್ಟೇ. ಮತ್ತೆ ಅದು ಮಾತು ಕೇಳಿ ಮೂಗು ಎತ್ತಲು ನೋಡಿದಾಗ ನೆಲ ಬಂದಾಗಿತ್ತು. ಅಂಕ ಬರೆಯುವ ಹೆಂಗಸು ಕೂತಿದ್ದ ಡೇರೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ನನ್ನ ಬಾಯಿಂದ ಹೊರಟಿದ್ದ ಮಾತು ಯಾವುದು ಗೊತ್ತಾ? "ಕೇಳ್ತಿಲ್ಲ!" ಹಿಂದಿನಿಂದ ಯಾರೋ "ಅಣ್ಣನ ಹಂಗೇ ತಂಗಿ" ಅಂದರು. ಮೇಸ್ತ್ರಿಯೂ ಅಲ್ಲೇ ಇದ್ದರು. ಅವರು ನನ್ನನ್ನೇ ನೋಡುತ್ತಿದ್ದರು.

ಮುರಿದದ್ದನ್ನೆಲ್ಲ ಗೋಣಿಯಲ್ಲಿ ತುಂಬಿಕೊಂಡು ಕಾರ್ಯಾಗಾರಕ್ಕೆ ತಂದು ಮೇಜಿನ ಮೇಲೆ ಹರಡಿದೆ. ರಿಮೋಟಿನ ಆಜ್ಞೆ ಕೇಳುವ ರಿಸೀವರಿಗೆ ಏನೂ ಆಗಿರಲಿಲ್ಲ, ಬ್ಯಾಟರಿ ಗಟ್ಟಿಯಾಗಿತ್ತು, ಎಲ್ಲ ಜೋಡಿಸಿದರೆ ಬಾಲ ಆಡುತ್ತದೆ, ರೆಕ್ಕೆಯ ಪಟ್ಟಿ ಆಡುತ್ತದೆ. ಉಪಕರಣಗಳೆಲ್ಲ ಸರಿಯಾಗಿವೆ! ಹಾಗಾದರೆ ನನ್ನ ಕೈಯೇ. ಮನೆತನದ ಕೈಯೇ ಸರಿಯಿಲ್ಲ ಅಂತ ಅಳುತ್ತಾ ಕೂತೆ. ಆಗ ಮೇಸ್ತ್ರಿ ಒಳಗೆ ಬಂದರು. ಮೇಜಿನತ್ತ ಕೈ ತೋರಿಸಿ, "ಆಕಾಶದಲ್ಲಿ ಅದು ಬಿಸಿಯಾಗಿರುತ್ತೆ ಕಣಮ್ಮಾ, ಇಲ್ಲಿ ಮೇಜಿನ ಮೇಲೆ ತಣ್ಣಗಿದೆ" ಅಂದರು. ಅಷ್ಟು ಸಾಕಾಯಿತು. ರೆಕ್ಕೆಗೆ ಹಾಳೆ ಅಂಟಿಸಲು ನಾವು ಬಳಸುವ ಬಿಸಿಗಾಳಿಯ ಯಂತ್ರ ಪಕ್ಕದಲ್ಲೇ ಇತ್ತು. ಒಂದೊಂದೇ ಭಾಗಕ್ಕೆ ಬಿಸಿ ತಾಗಿಸಿ, ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಜೋರಾಗಿ ಆಡಿಸುತ್ತಾ ಬಂದೆ. ರೆಗ್ಯುಲೇಟರಿಗೆ ಬಂದಾಗ ರಿಸೀವರಿನ ದೀಪ ಆರಿಹೋಯಿತು. ದೊಡ್ಡ ಬ್ಯಾಟರಿಯಿಂದ ರಿಸೀವರಿಗೆ ಬೇಕಾದಷ್ಟೇ ವಿದ್ಯುತ್ತು ಇಳಿಸಿಕೊಡುವ ಹೆಬ್ಬೆರಳ ಉಗುರಿನಷ್ಟು ತುಂಡು ಈ ರೆಗ್ಯುಲೇಟರು. ಎರಡು ಸೆಕೆಂಡು. ಆಮೇಲೆ ದೀಪ ತಾನಾಗಿ ಹತ್ತಿಕೊಂಡಿತು. ಮತ್ತೆ ಮಾಡಿದೆ, ಮತ್ತೆ ಎರಡು ಸೆಕೆಂಡು. ಆರು ಸಲ ಮಾಡಿದೆ ಅಣ್ಣಾ. ಭಾರ ಹೊತ್ತು ತಿರುಗುವಾಗ ಎಲ್ಲವೂ ಒಟ್ಟಿಗೆ ವಿದ್ಯುತ್ತು ಎಳೆಯುತ್ತವೆ, ಬಿಸಿಯಾದ ತುಂಡು ಕೈಕೊಡುತ್ತದೆ, ವಿಮಾನ ಕಿವುಡಾಗುತ್ತದೆ. ತಣ್ಣಗಾದ ಮೇಲೆ ಪರೀಕ್ಷೆ ಮಾಡಿದರೆ ಅದಕ್ಕಿಂತ ಸಾಧು ಇನ್ನೊಂದಿಲ್ಲ.

ಆ ತುಂಡನ್ನು ಬೆಸುಗೆ ಹಾಕಿ ಕೂರಿಸಿದವಳು ನಾನೇ. ಹಗುರವಾಗಿದೆ ಎಂದು ಕಾರ್ಯಾಗಾರದ ಡ್ರಾಯರಿನಿಂದ ಆರಿಸಿಕೊಂಡಿದ್ದೆ. ಅದು ಎಲ್ಲಿಂದ ಬಂತು ಎಂದು ಕೇಳಿದಾಗ ಮೇಸ್ತ್ರಿ ಅದನ್ನು ತಮ್ಮ ಒಂದು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಸ್ಟೂಲು ಎಳೆದುಕೊಂಡು ಕೂತರು. "ನಾನೇ ಬಿಚ್ಚಿಟ್ಟಿದ್ದು. ಆಸ್ಪತ್ರೆಯಿಂದ ಬಂದ ಮೇಲೆ, ನಿಮ್ಮಣ್ಣನ ವಿಮಾನದಿಂದ. ಒಳ್ಳೇದು ಹಾಳ್ಮಾಡ್ಬಾರ್ದು ಅಂತ." ನಾನು ಕಚೇರಿಗೆ ಓಡಿದೆ. ಗುಮಾಸ್ತೆಯನ್ನು ಗೋಗರೆದು ನಿನ್ನ ವಿಚಾರಣೆಯ ಹಳೆಯ ಕಡತ ತೆಗೆಸಿದೆ. ಭಾಗಗಳ ಪಟ್ಟಿಯಲ್ಲಿ ಇರುವ ಸಂಖ್ಯೆ, ನನ್ನ ಅಂಗೈಯಲ್ಲಿದ್ದ ತುಂಡಿನ ಸಂಖ್ಯೆ, ಎರಡೂ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆಯನ್ನು ಮೂರು ವರ್ಷ ನೀನು ಹೊತ್ತೆ. ಅದು ನಿನ್ನ ಕೈಯಲ್ಲ ಅಣ್ಣಾ. ಅದು ನಿನ್ನ ಕೈ ಆಗಿರಲೇ ಇಲ್ಲ.

ಸಂತೋಷದಿಂದ ಕುಣಿದೆ ಅಂದುಕೊಂಡೆಯಾ? ಬಾಣಲೆಯಿಂದ ಬೆಂಕಿಗೆ ಬಿದ್ದಿದ್ದೆ. ಸಂಜೆ ಐದಕ್ಕೆ ಅಪಘಾತದ ವರದಿ ಕೊಡಬೇಕಿತ್ತು. ಹೊರಗಿನ ರೇಡಿಯೋ ಅಲೆ ಅಡ್ಡಿಯಾಯಿತು ಎಂದು ಬರೆದರೆ ಬೇರೆ ವಿಮಾನದಲ್ಲಿ ಮತ್ತೆ ಹಾರಲು ಬಿಡುತ್ತಾರೆ. ಹಿಂದೆ ಅಪಘಾತವಾದ ವಿಮಾನದ ಭಾಗ ಹಾಕಿದ್ದೆವು ಎಂದು ಬರೆದರೆ ನಿಯಮದಂತೆ ತಂಡವೇ ಹೊರಗೆ. ನಮ್ಮ ಎರಡನೆಯ ವಿಮಾನ ಸಿದ್ಧವಾಗಿತ್ತು. ಕ್ಯಾಪ್ಟನ್ ಮೊದಲು ಸಮಾಧಾನವಾಗಿ ಹೇಳಿದಳು: "ನಿಮ್ಮಣ್ಣನ ವಿಷ್ಯ ಮುಂದಿನ ವಾರ ಹೇಳು. ಯಾರು ಬೇಡ ಅಂತಾರೆ? ಒಂದೇ ಒಂದು ದಿನ ಸುಮ್ನಿರು." ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಅತ್ತಳು. ಗೋಂದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವಳು ಹೇಳಿದ್ದು ತಪ್ಪೂ ಅಲ್ಲ ಅಣ್ಣಾ, ಅವಳಿಗೆ ಮುಂದಿನ ವರ್ಷವೆಂಬುದಿಲ್ಲ. ಆದರೆ ಇವತ್ತು ರೇಡಿಯೋ ಅಡ್ಡಿ ಎಂದು ಸಹಿ ಹಾಕಿ, ಮುಂದಿನ ವಾರ 'ಅಲ್ಲ, ರೆಗ್ಯುಲೇಟರ್' ಎಂದರೆ ನನ್ನ ಮಾತನ್ನು ನಾಯಿಯೂ ಮೂಸುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆ. ಗುರುವಾರ ಬೇರೆಯವರೆಲ್ಲ ಹಾರಿಸುವಾಗ ನಮ್ಮ ವಿಮಾನ ಹೊದಿಕೆಯೊಳಗೇ ಇತ್ತು. ಕ್ಯಾಪ್ಟನ್ ಅವತ್ತಿನಿಂದ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ. ಮೂವತ್ತೊಂದು ತಂಡದ ಪಟ್ಟಿಯಲ್ಲಿ ಹೊರಹಾಕಿದ ನಮ್ಮ ತಂಡವೇ ಮೂವತ್ತೊಂದನೆಯದು.

ಮೇಸ್ತ್ರಿಯ ಬಗ್ಗೆ ಏನು ಬರೆಯಲಿ? ಮೂರು ದಿನದಿಂದ ಅವರು ಕೆಲಸಕ್ಕೆ ಬರುತ್ತಾರೆ, ಡ್ರಾಯರುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ತುಂಬುತ್ತಾರೆ. ನಿನ್ನೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ಆ ಹುಡ್ಗ ಅವತ್ತು ಕೂಗಿದ್ದು ನನಗೂ ಕೇಳಿಸ್ತು. ಕೇಳ್ತಿಲ್ಲ ಅಂದ. ನಾನು ನೋವಲ್ಲಿದ್ದೆ, ವಿಚಾರಣೇಲಿ ಅದನ್ನ ಹೇಳ್ಲಿಲ್ಲ. ಹೇಳ್ಬೇಕು ಅಂತ ಅನ್ನಿಸ್ಲೂ ಇಲ್ಲ" ಅಂದರು. ನನಗೆ ಅವರ ಮೇಲೆ ರೇಗಬೇಕೆನ್ನಿಸಿತು. ಆ ಮುಖ ನೋಡಿ ರೇಗಲು ಆಗಲಿಲ್ಲ.

ಶುಕ್ರವಾರ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿದ್ದೆ. ಕಡತ, ಸಂಖ್ಯೆ, ಆರಿಹೋಗುವ ದೀಪ, ಎಲ್ಲ ತೋರಿಸಿದೆ. ಅವರು ಕೆಟ್ಟವರಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. "ಮುಚ್ಚಿದ ವಿಚಾರಣೆ ತೆರೀಬೇಕಾದ್ರೆ ಅವನೇ ಅರ್ಜಿ ಕೊಡ್ಬೇಕು. ನೀನು ತಂಗಿ, ನಿನ್ನ ಅರ್ಜಿ ನಡೆಯೋದಿಲ್ಲ" ಅಂದರು. ನಿನಗೆ ಕಾಗದ ಬರೆಯುತ್ತೇನೆಂದು ಹೇಳಿ ಬಂದೆ. ಇದೇ ಆ ಕಾಗದ. ತಪ್ಪು ನಿನ್ನದಲ್ಲವೆಂದು ತಿಳಿದರೆ ಮೇಸ್ತ್ರಿಯ ಕಣ್ಣು ಹಿಂದಕ್ಕೆ ಬರುವುದಿಲ್ಲ, ನಿನ್ನ ಮೂರು ವರ್ಷವೂ ಬರುವುದಿಲ್ಲ. ಅದೂ ನನಗೆ ಗೊತ್ತು. ಆದರೆ ಇದು ತಿಳಿದ ಮೇಲೂ ನೀನು ಅಲ್ಲೇ ಉಪ್ಪು ತೋಡುತ್ತಾ ಕೂತರೆ ನಾನೇನು ಮಾಡಲಿ, ಯಾರ ಬಾಗಿಲು ಬಡಿಯಲಿ?

ಇನ್ನು ನಿಲ್ಲಿಸುತ್ತೇನೆ, ಅಮ್ಮ ಕೆಲಸದಿಂದ ಬರುವ ಹೊತ್ತಾಯಿತು. ಅವಳಿಗೆ ಇನ್ನೂ ಏನೂ ಹೇಳಿಲ್ಲ. ಒಮ್ಮೆ ಆಸೆ ಹುಟ್ಟಿಸಿ ಆಮೇಲೆ ಕಿತ್ತುಕೊಳ್ಳುವ ಧೈರ್ಯ ನನಗಿಲ್ಲ. ಅವಳ ಆಶೀರ್ವಾದ ದಿನವೂ ನಿನಗೆ ಇದ್ದೇ ಇದೆ, ಕೇಳಿ ಬರೆಯಬೇಕಾಗಿಲ್ಲ. ನನ್ನ ನಮಸ್ಕಾರ.

ನಿನ್ನ ತಂಗಿ,
ತರಲೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಹೆದರಿಕೆಯಾಗಿತ್ತು. ಅರ್ಜಿ ಕೊಡಲು ನಿನ್ನೆಯ ಶನಿವಾರವೇ ಕೊನೆಯಂತೆ, ಆಮೇಲೆ ಈ ವರ್ಷದ ಅಪಘಾತದ ಕಾಗದಗಳನ್ನೂ ಕಟ್ಟಿ ಒಳಗಿಡುತ್ತಾರಂತೆ. ನಿನ್ನೆ ಮಧ್ಯಾಹ್ನ ನಿನ್ನ ಹೆಸರಿನಲ್ಲಿ ಅರ್ಜಿ ಬರೆದು, ನಿನ್ನ ಸಹಿ ನಾನೇ ಹಾಕಿ ಕೊಟ್ಟುಬಿಟ್ಟೆ. ವರದಿಯಲ್ಲಿ ಅಷ್ಟೆಲ್ಲ ಸತ್ಯ ಬರೆದವಳು ಮೂರನೆಯ ದಿನಕ್ಕೇ ಇದನ್ನು ಮಾಡಿದೆ. ೧೯ನೇ ತಾರೀಖು, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿ ಕೂರುತ್ತದೆ. ಅರ್ಜಿದಾರ ಖುದ್ದಾಗಿ ನಿಂತು ಇದು ನನ್ನದೇ ಸಹಿ ಎನ್ನಬೇಕು. ಬರುತ್ತಾನೆ ಅಂತ ಹೇಳಿಬಿಟ್ಟಿದ್ದೇನೆ. ನೀನು ಬರದಿದ್ದರೆ ಅವತ್ತು ಆ ಕೋಣೆಯಲ್ಲಿ ಕಳ್ಳಸಹಿ ಹಾಕಿದವಳಾಗಿ ನಾನೊಬ್ಬಳೇ ನಿಂತಿರುತ್ತೇನೆ. ಹೆದರಿಸುತ್ತಿಲ್ಲ. ಅಲ್ಲ, ಹೆದರಿಸುತ್ತಲೇ ಇದ್ದೇನೆ. ಬಾ ಅಣ್ಣಾ.