ಒಂದು ಮಹಾಪ್ರಾಣ

ರೀ,

ಮೊನ್ನೆ ಪ್ರಿಂಟರ್ ಕೆಟ್ಟಿದೆ ಎಂದು ಫೋನ್ ಮಾಡಿದೆ. ಊರವರ ಕಂಪ್ಯೂಟರನ್ನೆಲ್ಲ ದೂರದಿಂದಲೇ ರಿಪೇರಿ ಮಾಡುವವರಲ್ಲವೇ, ಆಫೀಸಿನಲ್ಲಿ ಕೂತೇ ಮನೆಯ ಕಂಪ್ಯೂಟರಿನೊಳಗೆ ಬಂದಿರಿ. ಯಾರೂ ಮುಟ್ಟದ ಮೌಸಿನ ಬಾಣ ತಾನಾಗಿ ಓಡಾಡುವುದನ್ನು ನಾನು ಸೌಟು ಹಿಡಿದು ನೋಡುತ್ತ ನಿಂತಿದ್ದೆ.

ನಾನು ಬರೆದ ಅರ್ಜಿ ತೆರೆದೇ ಇತ್ತು. ಬಾಣ ಒಂದೊಂದೇ ಸಾಲಿನ ಮೇಲೆ ಜಾರಿತು. ಪೂರ್ತಿ ಓದಿದಿರಿ. ಈಗಲಾದರೂ ಏನಾದರೂ ಕೇಳುತ್ತೀರೆಂದು ಕಾದೆ. ನೀವು ಮಾಡಿದ್ದೇನು? ‘ವಿಚ್ಚೇದನ’ ಎಂದಿದ್ದನ್ನು ‘ವಿಚ್ಛೇದನ’ ಎಂದು ತಿದ್ದಿ, “ಸರಿಹೋಯ್ತು ಕಣೇ, ಈಗ ಪ್ರಿಂಟ್ ಕೊಡು” ಅಂದಿರಿ! ಸಂಜೆ ಬಂದು, “ಉಪ್ಪು ಸ್ವಲ್ಪ ಕಮ್ಮಿ” ಅಂದಿರಿ.

ಮದುವೆಯಾದಾಗಿನಿಂದ ಇದೇ ಆಯಿತು. ಈ ಮನೆಯಲ್ಲಿ ನನ್ನ ಪ್ರಾಣ ಹೋಗುತ್ತಿದೆ ಎಂದು ಬರೆದರೆ ನಿಮ್ಮ ಕಣ್ಣಿಗೆ ಬಿದ್ದದ್ದು ಬಿಟ್ಟುಹೋದ ಒಂದು ಮಹಾಪ್ರಾಣ! ಮನುಷ್ಯರೇನ್ರೀ ನೀವು?

ಅಕ್ಕನ ಮನೆಗೆ ಹೊರಟಿದ್ದೇನೆ. ನಿಮ್ಮ ಪ್ರಿಂಟರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ. ಅರ್ಜಿಯ ಎರಡು ಪ್ರತಿ ಮೇಜಿನ ಮೇಲಿವೆ, ಸಹಿ ಹಾಕಿಡಿ. ಮತ್ತೆ ಓದುವ ಕಷ್ಟ ಬೇಡ, ತಪ್ಪೇನೂ ಉಳಿದಿಲ್ಲ. ನೀವೇ ತಿದ್ದಿದ್ದೀರಲ್ಲ.

ಇಂತಿ,
ನಾನು

(ಇಲ್ಲಿ ‘ನಿಮ್ಮ’ ಎಂಬುದು ಬಿಟ್ಟುಹೋದದ್ದಲ್ಲ, ಬಿಟ್ಟದ್ದು. ತಿದ್ದಬೇಡಿ.)