ಟಾಕೊ ರೈಸ್ ಮಾಡಿದ ಭಾನುವಾರ

ಕಿನ್, ಒಕಿನಾವಾ
ಜುಲೈ 21, ಭಾನುವಾರ

ಪ್ರೀತಿಯ ಚಿನಾತ್ಸು,

ಸಂಜೆ ಏಳೂವರೆ. ಹೊರಗೆ ಇನ್ನೂ ಬೆಳಕಿದೆ. ಬೆಳಿಗ್ಗೆ ಬಟ್ಟೆ ಒಗೆದೆ, ಮಧ್ಯಾಹ್ನ ಹೋಗಿ ಮಾಂಸ ತಂದೆ. ಐದು ಗಂಟೆಗೆ ನಿನ್ನ ಚಿಕ್ಕಪ್ಪ ಚೋಯೂ ಮಗ ಕೈತೋನನ್ನು ಕರೆದುಕೊಂಡು ಊಟಕ್ಕೆ ಬಂದಿದ್ದರು, ಈಗಷ್ಟೇ ಹೋದರು. ಅಪ್ಪನ ನಲವತ್ತೊಂಬತ್ತನೇ ದಿನದ ಕರ್ಮ ಮುಗಿಸಿ ನೀನು ಇಶಿಗಾಕಿಗೆ ಹೊರಟ ಮೇಲೆ ನಿನಗೆ ಒಂದು ಸಾಲೂ ಬರೆಯಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಗಾಳಿ ಮಳೆಯ ಸುದ್ದಿ ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ. ನಿನ್ನ ಕೆಮ್ಮು ಹೋಯಿತೇ? ಆಸ್ಪತ್ರೆಯ ರಾತ್ರಿ ಪಾಳಿ ಈಗಲೂ ಇದೆಯೇ?

ಚಿಕ್ಕಪ್ಪ ಬಂದದ್ದು ತೀರಿಹೋದ ಹಿರಿಯರ ಹೆಸರು ಬರೆದು ನಮ್ಮ ಮನೆಯಲ್ಲಿ ಪೂಜಿಸುವ ಹಲಗೆಗಳಿಗಾಗಿ. ಹಳೆಯ ಪಂಚಾಂಗದ ಏಳನೇ ತಿಂಗಳ ಏಳು, ತನಾಬಾತಾ, ಇನ್ನು ಮೂರು ವಾರಕ್ಕೆ ಬರುತ್ತದೆ. ಆ ದಿನ ಹಲಗೆಗಳನ್ನು ಮುಟ್ಟಿ ಜಾಗ ಬದಲಿಸಿದರೆ ದೋಷವಿಲ್ಲ. ಅಪ್ಪನ ಹೆಸರಿನದೂ ಸೇರಿ ಎಲ್ಲವನ್ನೂ ಕೈತೋಗೆ ಒಪ್ಪಿಸಬೇಕು ಅನ್ನುವುದು ಅವರ ಮಾತು. ಹಲಗೆ ಹೆಣ್ಣುಮಕ್ಕಳ ಕೈಗೆ ಹೋದರೆ ಮನೆತನಕ್ಕೆ ಕೇಡು ಎಂದು ಅವರು ನಂಬಿದ್ದಾರೆ. ಅಪ್ಪ ನಂಬುತ್ತಿರಲಿಲ್ಲ, ನಿನಗೇ ಗೊತ್ತು.

ನಾನು ಬೇಕೆಂದೇ ಟಾಕೊ ರೈಸ್ ಮಾಡಿದೆ. ಹಿರಿಯರ ಪೂಜೆಯ ಊಟದಂತೆ ಹಂದಿಮಾಂಸ ಬೇಯಿಸಿ, ಕಡಲಪಾಚಿ ಗಂಟು ಕಟ್ಟಿ, ಕರಿದ ತೋಫು ಜೋಡಿಸಿಟ್ಟರೆ ಅದು ಮನೆತನದ ಪಂಚಾಯ್ತಿ ಆಗಿಬಿಡುತ್ತದೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಯಾರೂ ಅಲ್ಲಗಳೆಯುವ ಹಾಗಿಲ್ಲ. ಅನ್ನದ ಮೇಲೆ ಖಾರದ ಕೈಮಾ, ಚೀಸ್, ಹೆಚ್ಚಿದ ಸೊಪ್ಪು, ಟೊಮೆಟೊ ಸುರಿದುಕೊಂಡು ಚಮಚದಲ್ಲಿ ಕಲಸಿ ತಿನ್ನುವಾಗ ಯಾರು ತೀರ್ಮಾನ ಮಾಡುತ್ತಾರೆ ಅಂದುಕೊಂಡೆ.

ಚಿಕ್ಕಪ್ಪ ಬಟ್ಟಲನ್ನೇ ನೋಡುತ್ತ ಕೂತರು. “ಅತ್ತಿಗೆ, ಏನಿದು, ಶಾಲೆ ಮಕ್ಕಳ ಊಟ?”

“ಸೆಕೆ, ಚೋಯೂ. ಒಲೆ ಮುಂದೆ ನಿಲ್ಲೋಕಾಗಲಿಲ್ಲ” ಅಂದೆ. ಕೈಮಾ ಹುರಿದು ಹುರಿದು ನನ್ನ ಕುತ್ತಿಗೆಯೆಲ್ಲ ಬೆವರಿತ್ತು, ಅದು ಅವರಿಗೂ ಕಾಣುತ್ತಿತ್ತು.

“ಸುಮ್ನೆ ತಿನ್ನಪ್ಪ” ಅಂದ ಕೈತೋ. “ದೊಡ್ಡಮ್ಮನ ಕೈ ಖಾರ ನಾಹಾದಲ್ಲೆಲ್ಲೂ ಸಿಗಲ್ಲ.” ಅವನು ಎರಡು ಸಲ ಹಾಕಿಸಿಕೊಂಡ. ಚಿಕ್ಕಪ್ಪ ಸೊಪ್ಪನ್ನು ಮಾತ್ರ ಬದಿಗೆ ಸರಿಸಿ ಸರಿಸಿ ತಿಂದರು.

ಊಟ ಆದ ಮೇಲೆ ಕೈತೋ ನಾಹಾದಲ್ಲಿ ಮಾಡುವ ತನ್ನ ಬಾರ್ ಕೆಲಸವನ್ನು ಇಲ್ಲೇ ತೋರಿಸಿದ. ಹಿತ್ತಲಿನ ಶಿಕುವಾಸಾ ನಿಂಬೆಗಳನ್ನು ಹಿಂಡಿದ, ಗ್ಲಾಸಿನ ಬಾಯಿಗೆ ಉಪ್ಪು ಹಚ್ಚಿದ, ಆವಾಮೋರಿ ಮದ್ಯ ಸುರಿದು ಐಸ್ ಹಾಕಿ ಕಾಕ್‌ಟೇಲ್ ಮಾಡಿದ. “ಕುಡೀರಿ ದೊಡ್ಡಮ್ಮ, ನಿಮ್ಮದರಲ್ಲಿ ಹುಳಿನೇ ಜಾಸ್ತಿ.”

ಚಿಕ್ಕಪ್ಪ ಗ್ಲಾಸು ಮುಟ್ಟಲಿಲ್ಲ. ಹಲಗೆಗಳ ಕಡೆ ತಿರುಗಿ ಕೂತರು.

“ಅತ್ತಿಗೆ, ಇದರಲ್ಲಿ ನನಗೇನೂ ಆಸೆ ಇಲ್ಲ. ಆಸ್ಪತ್ರೇಲಿ ಅಣ್ಣನೇ ನನ್ನ ಕೈ ಹಿಡ್ಕೊಂಡು ಹೇಳಿದ್ದು. ಚಿನಾತ್ಸು ಬೇಡ ಅಂದ್ಲಂತೆ, ಕೈತೋನೇ ತಗೊಳ್ಳಲಿ ಅಂತ. ಅವನ ಕೊನೇ ಮಾತನ್ನ ಮೀರೋಕಾಗುತ್ತಾ?”

“ನನಗೆ ಧೂಪ ಹಚ್ಚೋಕೂ ಬರಲ್ಲ” ಅಂದ ಕೈತೋ. “ಇರೋದೊಂದು ರೂಮು. ಹಿರಿಯರನ್ನೆಲ್ಲ ಫ್ರಿಜ್ ಮೇಲೆ ಕೂರಿಸ್ಲಾ?”

“ಬಾಯಿ ಮುಚ್ಚು. ನಾನಿರೋವರೆಗೂ ನನ್ನ ಮನೇಲಿರ್ತಾವೆ.”

ಕೈತೋ ನಗಲಿಲ್ಲ. ನನ್ನ ಕಡೆ ತಿರುಗಿದ. “ದೊಡ್ಡಮ್ಮ, ಅಕ್ಕ ನಿಜವಾಗ್ಲೂ ಬೇಡ ಅಂದ್ಲಾ? ನಿಮ್ಮ ಹತ್ರ ಹೇಳಿದ್ಲಾ?”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಐಸ್ ಮುಗಿಯಿತು ಅಂದುಕೊಂಡು ಎದ್ದು ಅಡುಗೆಮನೆಗೆ ಹೋದೆ. ಫ್ರಿಜ್ ಬಾಗಿಲು ತೆರೆದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ವಾಪಸ್ ಬಂದಾಗ ಚಿಕ್ಕಪ್ಪನ ಗ್ಲಾಸು ಖಾಲಿಯಾಗಿತ್ತು.

“ಅತ್ತಿಗೆ ಇಲ್ಲ ಅನ್ನಲಿಲ್ಲ. ಅಷ್ಟು ಸಾಕು. ತನಾಬಾತಾ ದಿನ ಬೆಳಿಗ್ಗೆ ಗಾಡಿ ತರ್ತೀನಿ” ಅಂದರು. ಟಾಕೊ ರೈಸ್ ತಿಂದೂ ತೀರ್ಮಾನ ಮಾಡಿಯೇ ಎದ್ದರು.

ಶೂ ಹಾಕಿಕೊಳ್ಳುವಾಗ ಕೈತೋ ದನಿ ತಗ್ಗಿಸಿ, “ನಾನೇ ಅಕ್ಕನಿಗೆ ಫೋನ್ ಮಾಡಿ ಕೇಳ್ಲಾ?” ಅಂದ. ಬೇಡ, ನಾನೇ ಬರೆಯುತ್ತೇನೆ ಅಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾಳಿ ಮುಗಿಸಿ ಬರುವಾಗ ಸ್ಕೂಟರ್ ನಿಧಾನವಾಗಿ ಓಡಿಸು. ಹಿರಿಯರೆಲ್ಲ ನಿನ್ನನ್ನು ಕಾಯಲಿ.

ಅಮ್ಮ

ಇನ್ನೊಂದು ಮಾತು. ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಬೇಡ ಅಂದಿರಲಿಲ್ಲ. ನಿನ್ನನ್ನು ಯಾರೂ ಕೇಳಿಯೇ ಇರಲಿಲ್ಲ. ಜನವರಿಯಲ್ಲಿ ಅಪ್ಪ, “ಹಲಗೆ ಚಿನಾತ್ಸುಗೇ ಇರಲಿ, ಫೋನ್ ಮಾಡಿ ಒಂದು ಮಾತು ಕೇಳು” ಅಂದರು. ಆಗ ಮೂರು ವಾರದಿಂದ ನಿನ್ನ ಫೋನ್ ಬಂದಿರಲಿಲ್ಲ, ನನಗೆ ಸಿಟ್ಟಿತ್ತು. ವಾರ್ಡಿನ ಹೊರಗೆ ಹೋಗಿ, ಯಾರಿಗೂ ಫೋನ್ ಮಾಡದೆ, ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು “ಬೇಡವಂತೆ” ಅಂದುಬಿಟ್ಟೆ. ಅಪ್ಪ “ಹೌದಾ” ಅಂದರು. ನೀರು ಕೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ. ಆರನೇ ದಿನ ಹೋದರು.

ಈಗ ಕೇಳುತ್ತಿದ್ದೇನೆ. ಬೇಕೋ ಬೇಡವೋ ನೀನೇ ಹೇಳು. ನೀನು ಏನೇ ಹೇಳಿದರೂ ಚಿಕ್ಕಪ್ಪನಿಗೆ ನಾನು ಸುಳ್ಳು ಹೇಳಿದ್ದನ್ನು ಹೇಳುತ್ತೇನೆ.

ನಾಳೆ ಸೋಮವಾರ. ಅಂಚೆ ಕಚೇರಿ ಒಂಬತ್ತಕ್ಕೆ ತೆರೆಯುತ್ತದೆ.