ನನ್ನ ಕೆಲಸಗಳ ಮೇಲೆ ಅವಳ ಹೆಸರು

ಮಾರ್ಚ್ ೧೧, ಮಂಗಳವಾರ

ಹೊಟ್ಟೆ ಉರಿಯುತ್ತಿದೆ. ಬರೆಯದಿದ್ದರೆ ನಿದ್ದೆ ಬಾರದು. ಆಫೀಸಿನಲ್ಲಿ ಯಾರು ಯಾವ ಕೆಲಸ ಮಾಡಿದರೆಂದು ದಾಖಲಿಸುವ ಸಾಫ್ಟ್‌ವೇರನ್ನು ಇಷ್ಟು ವರ್ಷ ಮಗುವಿನಂತೆ ಸಾಕಿದ್ದು ನಾನು. ಅದರ ಡೇಟಾವನ್ನೆಲ್ಲ ಹೊಸ ಡೇಟಾಬೇಸಿಗೆ ಸಾಗಿಸುವ ಕೆಲಸ ಮಾತ್ರ ನಿನ್ನೆ ಮೊನ್ನೆ ಬಂದ ಹುಡುಗಿಗೆ ಸಿಕ್ಕಿತು. ಮಧ್ಯಾಹ್ನದೊಳಗೆ ಮುಗಿಸಿಯೂಬಿಟ್ಟಳು. ಚಪ್ಪಾಳೆ ಬೇರೆ.

ಆಮೇಲೆ ನೋಡಿದರೆ, ಮಾಡಿದವರು ಎಂಬಲ್ಲೆಲ್ಲ ಅವಳದೇ ಹೆಸರು! ಅವಳ ಲಾಗಿನ್‌ನಿಂದ ಸಾಗಿಸಿದ್ದಕ್ಕೆ ಹಾಗಾಗಿದೆ. ಒಬ್ಬ ಗ್ರಾಹಕರ ಬಿಲ್ಲನ್ನು ನಾನು ಊರಿಗೆಲ್ಲ ಕಳಿಸಿದ್ದ ಹಳೆಯ ಎಡವಟ್ಟೂ ಅವಳ ಹೆಸರಿನಲ್ಲೇ ಕೂತಿತ್ತು.

"ಏನಮ್ಮಾ, ಕೆಲಸಕ್ಕೆ ಸೇರೋಕೆ ಮುಂಚೇನೇ ನಮ್ಮನ್ನ ಮುಳುಗಿಸಿದ್ಯಲ್ಲ!" ಎಂದರು ಮ್ಯಾನೇಜರ್.

"ಅದರ ಪ್ರಾಯಶ್ಚಿತ್ತಕ್ಕೇ ಇಲ್ಲಿ ಸೇರಿದ್ದು ಸಾರ್," ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೇ ತಪ್ಪಿಗೆ ಅಂದು ವಾರವಿಡೀ ನನ್ನ ಜೊತೆ ಯಾರೂ ಮಾತಾಡಿರಲಿಲ್ಲ.

ಹೊರಡುವಾಗ ನನ್ನ ಮೇಜಿನ ಬಳಿ ಬಂದಳು. "ಅಕ್ಕಾ, ನಾಳೆ ಎಲ್ಲಾ ಹೆಸರೂ ಸರಿ ಮಾಡ್ತೀನಿ. ಆ ಬಿಲ್ಲಿಂದು ಒಂದನ್ನ ನನ್ನ ಹೆಸರಲ್ಲೇ ಬಿಟ್ಬಿಡ್ಲಾ?"

ಎಷ್ಟು ಒಳ್ಳೆಯವಳು, ಹಾಳಾದವಳು!

"ಬೇಡ, ಅದು ನಂದು," ಎಂದೆ. ಆ ಎಡವಟ್ಟಿನ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು.